ಸಂಭವನೀಯತೆ ಹೊಂದಿದರೆ ಮಾದರಿಗಳು ಹೊಂದಿದಂತೆಯೇ?

ಮೈಸೂರಿನಲ್ಲಿ ನಿಯಂತ್ರಣ ತಂತ್ರಾಂಶಗಳ ಗಣಿತ ಮಾದರಿಗಳನ್ನು ಪರಿಶೀಲಿಸುವ ನನ್ನ ವೃತ್ತಿಯಲ್ಲಿ ಪದೇ ಪದೇ ಎದುರಾಗುವ ಪ್ರಶ್ನೆಯಿದು: ದೊಡ್ಡ ಮಾದರಿಯೊಂದನ್ನು ಕುಗ್ಗಿಸಿದ ಮೇಲೆ, ಹಳೆಯದೂ ಹೊಸದೂ ಸಮಾನವೆಂದು ಯಾವ ಆಧಾರದ ಮೇಲೆ ಹೇಳಬೇಕು? ಅಂತಿಮ ಫಲಿತಾಂಶಗಳ ಸಂಭವನೀಯತೆ ಹೊಂದಿದರೆ ಸಾಕೆಂದು ಹಲವರು ತಿಳಿಯುತ್ತಾರೆ. ಅದು ಸಾಲದು.

ಮಂಡ್ಯದ ವಿ.ಸಿ. ನಾಲೆಯ ಮೇಲೆ ದೂರದಿಂದ ನಿಯಂತ್ರಿಸುವ ತೂಬೊಂದಿದೆ ಎಂದಿಟ್ಟುಕೊಳ್ಳೋಣ. ಮೊದಲ ಮಾದರಿಯಲ್ಲಿ ಆದೇಶ ಬಂದೊಡನೆ ತೂಬು ಕಾಯುವ ಸ್ಥಿತಿಗೆ ಹೋಗುತ್ತದೆ. ಅಲ್ಲಿಂದ 1/2 ಸಂಭವನೀಯತೆಯೊಂದಿಗೆ ತೆರೆಯುತ್ತದೆ, 1/2 ಸಂಭವನೀಯತೆಯೊಂದಿಗೆ ಸಿಕ್ಕಿಕೊಳ್ಳುತ್ತದೆ. ಎರಡನೆಯದರಲ್ಲಿ ಕಾಯುವ ಸ್ಥಿತಿಗಳೇ ಎರಡು. ಒಂದರಿಂದ ತೂಬು ಖಚಿತವಾಗಿ ತೆರೆಯುತ್ತದೆ, ಇನ್ನೊಂದರಿಂದ ಖಚಿತವಾಗಿ ಸಿಕ್ಕಿಕೊಳ್ಳುತ್ತದೆ; ಆದೇಶ ಬಂದಾಗಲೇ ಇವೆರಡರಲ್ಲಿ ಯಾವುದಕ್ಕೆ ಹೋಗಬೇಕೆಂಬುದು ಸಮ ಸಂಭವನೀಯತೆಯಿಂದ ನಿರ್ಧಾರವಾಗುತ್ತದೆ. ಹೊರಗಿನ ಲಾಗ್ ನೋಡಿದವರಿಗೆ ಎರಡರಲ್ಲೂ ವ್ಯತ್ಯಾಸ ಕಾಣದು. ಆದರೆ ಒಳಸ್ಥಿತಿಯನ್ನು ಓದಿ, ಬದಲಿ ಮೋಟಾರನ್ನು ಮುಂಚಿತವಾಗಿ ಚಾಲೂ ಮಾಡುವ ಘಟಕವೊಂದನ್ನು ಜೋಡಿಸಿದರೆ, ಎರಡನೆಯದರಲ್ಲಿ ಅದು ಬೇಕಾದಾಗ ಮಾತ್ರ ಕೆಲಸ ಮಾಡಬಲ್ಲದು. ಮೊದಲನೆಯದರಲ್ಲಿ ಆ ಹಂತದಲ್ಲಿ ತಿಳಿಯಲು ಏನೂ ಇರುವುದಿಲ್ಲ.

ಈ ಭೇದವನ್ನು ಹಿಡಿಯುವ ವರ್ತನಾ ಸಮಾನತೆಯೇ ಸಂಭವನೀಯ ಬೈಸಿಮ್ಯುಲೇಷನ್. ಗಣಕ ವಿಜ್ಞಾನಿಗಳಾದ ಲಾರ್ಸೆನ್ ಮತ್ತು ಸ್ಕೌ ಅವರ 1991ರ ಪ್ರಬಂಧ ಇದಕ್ಕೆ ತಳಹದಿ. ಸಮಾನವೆಂದು ಒಂದೇ ಗುಂಪಿಗೆ ಸೇರಿಸಿದ ಯಾವ ಎರಡು ಸ್ಥಿತಿಗಳಿಂದಲೂ, ಪ್ರತಿಯೊಂದು ಕ್ರಿಯೆಯ ಮೂಲಕ ಪ್ರತಿಯೊಂದು ಗುಂಪನ್ನು ತಲುಪುವ ಒಟ್ಟು ಸಂಭವನೀಯತೆ ಸಮವಾಗಿರಬೇಕೆಂಬುದು ಅದರ ನಿಯಮ.

ತಾರ್ಕಿಕ ಸಮಾನತೆಯ, ಅಂದರೆ ಎರಡು ಸ್ಥಿತಿಗಳಲ್ಲಿ ತರ್ಕಭಾಷೆಯ ಅವೇ ಸೂತ್ರಗಳು ಸತ್ಯವಾಗಿರುವುದರ, ನಿಜವಾದ ಬೆಲೆ ನನಗೆ ಕಾಣುವುದು ಇಲ್ಲಿ. ಇಂಥ ವ್ಯವಸ್ಥೆಗಳಲ್ಲಿ ಎರಡು ಸ್ಥಿತಿಗಳು ಬೈಸಿಮ್ಯುಲೇಷನ್ ಅರ್ಥದಲ್ಲಿ ಸಮಾನವಲ್ಲದಿದ್ದರೆ, ಅವನ್ನು ಬೇರ್ಪಡಿಸುವ ಸೂತ್ರವೊಂದು ಇದ್ದೇ ಇರುತ್ತದೆ. ನಮ್ಮ ತೂಬಿಗೆ ಆ ಸೂತ್ರ: ‘ಖಚಿತವಾಗಿ ತೆರೆಯಲಿರುವ ಕಾಯುವ ಸ್ಥಿತಿಯನ್ನು ತಲುಪುವ ಸಂಭವನೀಯತೆ ಕನಿಷ್ಠ 1/2.’ ಎರಡನೆಯ ಮಾದರಿಯಲ್ಲಿ ಇದು ಸತ್ಯ, ಮೊದಲನೆಯದರಲ್ಲಿ ಸುಳ್ಳು. ‘ಸಮಾನವಲ್ಲ’ ಎಂಬ ಬರಿಯ ತೀರ್ಪಿಗಿಂತ ಈ ಒಂದು ಸಾಲು ವಿನ್ಯಾಸಕಾರರಿಗೆ ಎಷ್ಟೋ ಪಾಲು ಉಪಯುಕ್ತ. ಡೆಶಾರ್ನೇ, ಎದಾಲತ್ ಮತ್ತು ಪನಂಗಾಡನ್ 1998ರಲ್ಲಿ ತೋರಿಸಿದಂತೆ, ಇಂಥ ಸೂತ್ರಗಳಿಗೆ ‘ಅಲ್ಲ’ ಎನ್ನುವ ನಿಷೇಧ ಚಿಹ್ನೆಯೂ ಬೇಕಿಲ್ಲ. ಸಂಭವನೀಯತೆಯಿಲ್ಲದ ವ್ಯವಸ್ಥೆಗಳಲ್ಲಾದರೆ ಅದನ್ನು ಬಿಡುವಂತಿಲ್ಲ.

ಅಳತೆಯಿಂದ ಬಂದ ಅಂಕಿಗಳ ವಿಷಯ ಬೇರೆ. 0.5 ಎಂಬುದು 0.501 ಆದರೆ ನಿಖರ ಸಮಾನತೆ ಅಲ್ಲಿಗೇ ಮುರಿಯುತ್ತದೆ. ಆದ್ದರಿಂದ ಸಮಾನತೆಯ ಬದಲು ಮಾದರಿಗಳ ನಡುವಿನ ಅಂತರವನ್ನು ಅಳೆಯುವುದು ಸೂಕ್ತ. ಪ್ರತಿ ಹೆಜ್ಜೆಯ ವ್ಯತ್ಯಾಸ 0.001ನ್ನು ಮೀರದಿದ್ದರೂ 100 ಹೆಜ್ಜೆಗಳಲ್ಲಿ ಅದು ಒಟ್ಟುಗೂಡಿ 0.1ರವರೆಗೆ ಬೆಳೆಯಬಹುದು, ಹಾಗಾಗಿ ಎಷ್ಟು ಹೆಜ್ಜೆಗಳಿಗೆ ಎಂಬುದನ್ನು ಬರೆಯದ ಪರಿಶೀಲನಾ ವರದಿಗೆ ನಾನು ಒಪ್ಪಿಗೆ ಕೊಡುವುದಿಲ್ಲ.