‘ಲೇಸರ್ ಐತೇನ್ರಿ?’ ಐತ್ರಿ, ಆದ್ರ ಯಾವುದು?

ಇಂಡಿ ಕಡೆಯ ಅಜ್ಜ ಒಬ್ಬರು ಮಗನ ಜೊತೆ ಬಂದಿದ್ದರು. ಮೂತ್ರಕೋಶದ ಬಾಯಲ್ಲಿರುವ ಪ್ರಾಸ್ಟೇಟ್ ಗ್ರಂಥಿ ಬೆಳೆದು ಮೂತ್ರ ಕಟ್ಟಿ, ಹದಿನೈದು ದಿನದಿಂದ ಪೈಪ್ ಹಾಕಿಸಿಕೊಂಡಿದ್ದರು. ಮೂತ್ರದ ಚೀಲವನ್ನು ಧೋತರದ ಮಡಿಕೆಯಲ್ಲಿ ಮುಚ್ಚಿಟ್ಟುಕೊಂಡು ಕುರ್ಚಿಯ ತುದಿಗೆ ಕೂತರು. ನಾನು ಸ್ಕ್ಯಾನಿಂಗ್ ರಿಪೋರ್ಟ್ ಬಿಚ್ಚುವ ಮೊದಲೇ ಕೇಳಿದರು.

“ಸಾಹೇಬ್ರ, ನಿಮ್ಮಲ್ಲಿ ಲೇಸರ್ ಐತೇನ್ರಿ? ಕೊಯ್ಯೂದು ಮಾತ್ರ ಬ್ಯಾಡ್ರಿ ನನಗ.”

“ಐತ್ರಿ ಅಜ್ಜಾರ. ಆದ್ರ ಲೇಸರೂ ಕೊಯ್ತೈತ್ರಿ.”

ಅಜ್ಜನ ಮುಖ ಸಣ್ಣದಾಯಿತು. ಮಗನಿಗೂ ಸಮಾಧಾನ ಆಗಲಿಲ್ಲ. “ಲೇಸರ್ ಅಂದ್ರ ಬರೇ ಬೆಳಕಲ್ಲೇನ್ರಿ?” ಅಂದ.

ಬೆಳಕೇ. ಆದರೆ ಯಾವ ಬೆಳಕು ಅನ್ನುವುದರಲ್ಲೇ ಎಲ್ಲ ಇದೆ. ವಿಜಯಪುರದಲ್ಲಿ ನನ್ನ ಓಪಿಡಿಗೆ ಬರುವವರಲ್ಲಿ ‘ಲೇಸರ್ ಇದೆಯಾ’ ಅಂತ ಕೇಳದವರು ಕಡಿಮೆ. ಯಾವ ಲೇಸರ್ ಅಂತ ಕೇಳಿದವರು ಬೆರಳೆಣಿಕೆ. ಹೊಲಕ್ಕೆ ಔಷಧಿ ಹೊಡೆಯುವಾಗ ಯಾವ ಔಷಧಿ ಅಂತ ನಾಲ್ಕು ಸಲ ಕೇಳುವ ಮಂದಿ, ಮೈಗೆ ಬಂದಾಗ ಯಾಕೆ ಸುಮ್ನೆ ಒಪ್ಪಿಕೊಳ್ಳುತ್ತಾರೋ!

ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಒಂದು ಕರಿ ಕಂಬಳಿ, ಒಂದು ಬಿಳಿ ಧೋತರ ಹರವಿಡಿ. ಬಿಸಿಲು ಒಂದೇ. ಸ್ವಲ್ಪ ಹೊತ್ತಿಗೆ ಕಂಬಳಿ ಮುಟ್ಟಲಾಗದಷ್ಟು ಕಾಯುತ್ತದೆ, ಧೋತರ ಅಷ್ಟು ಕಾಯುವುದಿಲ್ಲ. ಬೆಳಕನ್ನು ಯಾರು ಕುಡಿಯುತ್ತಾರೋ ಅವರಿಗೇ ಶಾಖ. ನಮ್ಮ ಒಳಗಿನ ಮೆತ್ತನೆ ಮಾಂಸದಲ್ಲಿ ಬೆಳಕನ್ನು ಕುಡಿಯುವವರು ಮುಖ್ಯವಾಗಿ ಇಬ್ಬರು. ಒಂದು ನೀರು, ಇನ್ನೊಂದು ರಕ್ತದ ಕೆಂಪು, ಅಂದರೆ ಹಿಮೋಗ್ಲೋಬಿನ್. ಲೇಸರ್ ಬೆಳಕಿನ ತರಂಗಾಂತರ, ಅಂದರೆ ಅದರ ಒಂದು ಅಲೆಯಿಂದ ಇನ್ನೊಂದು ಅಲೆಗಿರುವ ಅಂತರ, ಬದಲಾದಂತೆ ಅದನ್ನು ಕುಡಿಯುವವರೂ ಬದಲಾಗುತ್ತಾರೆ. ಯಾರೂ ಬೇಗ ಕುಡಿಯದಿದ್ದರೆ ಬೆಳಕು ಆಳಕ್ಕೆ ಇಳಿಯುತ್ತದೆ.

ಶಾಖ ಹತ್ತಿದ ಮೇಲೆ ಆಗುವುದನ್ನು ಅಡುಗೆಮನೆಯಲ್ಲೇ ನೋಡಬಹುದು. ಸುಮಾರು 60 ಡಿಗ್ರಿಗೆ ಮಾಂಸ ಬೆಂದ ಮೊಟ್ಟೆಯಂತೆ ಬೆಳ್ಳಗಾಗುತ್ತದೆ, ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. 100 ಡಿಗ್ರಿಗೆ ಒಳಗಿನ ನೀರು ಆವಿಯಾಗಿ ಮಾಂಸವೇ ಹಾರಿಹೋಗುತ್ತದೆ. ಅದನ್ನೂ ದಾಟಿ ಕಾಯಿಸಿದರೆ ಕರಕಲು.

ಮೊದಲ ಲೇಸರ್ ಬೆಳಗಿದ್ದು 1960ರಲ್ಲಿ, ಅಮೆರಿಕದ ಥಿಯೋಡರ್ ಮೈಮನ್ ಅವರ ಕೈಯಲ್ಲಿ. ಪ್ರಾಸ್ಟೇಟ್‌ಗೆ ಅದು ಜೋರಾಗಿ ಬಂದದ್ದು 1990ರ ದಶಕದ ಆರಂಭದಲ್ಲಿ, ನಿಯೋಡಿಮಿಯಮ್ ಯಾಗ್ ಎಂಬ ಹರಳಿನ ಲೇಸರ್ ರೂಪದಲ್ಲಿ. ಅದರ ತರಂಗಾಂತರ 1064 ನ್ಯಾನೋಮೀಟರ್. ಈ ಬೆಳಕನ್ನು ನೀರೂ ಜಾಸ್ತಿ ಕುಡಿಯುವುದಿಲ್ಲ, ರಕ್ತವೂ ಕುಡಿಯುವುದಿಲ್ಲ. ಹಾಗಾಗಿ ಹಲವು ಮಿಲಿಮೀಟರ್ ಒಳಕ್ಕೆ ಇಳಿದು ಅಲ್ಲಿ ಬೇಯಿಸುತ್ತದೆ. ಬೂದಿ ಮುಚ್ಚಿದ ಕೆಂಡದಲ್ಲಿ ಬದನೆಕಾಯಿ ಸುಟ್ಟ ಹಾಗೆ. ಮೇಲಿನಿಂದ ನೋಡಿದರೆ ಏನೂ ಆಗಿಲ್ಲ, ಒಳಗೆ ಪೂರ್ತಿ ಬೆಂದಿದೆ. ಆಪರೇಷನ್ ಟೇಬಲ್ ಮೇಲೆ ಒಂದು ಹನಿ ರಕ್ತವಿಲ್ಲ, ಎಲ್ಲರಿಗೂ ಖುಷಿ. ಆಮೇಲೆ ಬೆಂದು ಸತ್ತ ಮಾಂಸ ವಾರಗಟ್ಟಲೆ ಚೂರುಚೂರಾಗಿ ಉದುರುತ್ತಿತ್ತು. ಅಲ್ಲಿಯವರೆಗೂ ಪೈಪ್, ಉರಿ, ಮತ್ತೆ ಮತ್ತೆ ಮೂತ್ರ ಕಟ್ಟುವುದು. ರಕ್ತ ಬರಲಿಲ್ಲ ಅನ್ನುವುದೊಂದನ್ನೇ ನೋಡಿ ಲೇಸರ್‌ಗೆ ಮಾರ್ಕ್ಸ್ ಕೊಡಬಾರದು ಅಂತ ನಾನು ವಾದ ಮಾಡುವುದು ಇದನ್ನು ನೆನೆದೇ.

ಅದೇ 1064ರ ಬೆಳಕನ್ನು ಕೆಟಿಪಿ ಎಂಬ ಹರಳಿನ ಮೂಲಕ ಹಾಯಿಸಿದರೆ ತರಂಗಾಂತರ ಅರ್ಧವಾಗುತ್ತದೆ. 532 ನ್ಯಾನೋಮೀಟರ್, ಕಣ್ಣು ಕೋರೈಸುವ ಹಸಿರು. ಅರ್ಧವಾದ ಕೂಡಲೇ ಸ್ವಭಾವವೇ ಬೇರೆ. ಕೆಂಪು ವಸ್ತು ಹಸಿರು ಬೆಳಕನ್ನು ಕುಡಿಯುತ್ತದೆ. ಆದ್ದರಿಂದ ಇದನ್ನು ಹಿಮೋಗ್ಲೋಬಿನ್ ಗಟಗಟನೆ ಕುಡಿಯುತ್ತದೆ, ನೀರು ಹಾಗೇ ದಾಟಿಸಿಬಿಡುತ್ತದೆ. ಮಾಂಸದೊಳಗೆ ಇಳಿಯುವುದು ಸುಮಾರು 0.8 ಮಿಲಿಮೀಟರ್ ಅಷ್ಟೇ. ಶಾಖವೆಲ್ಲ ಮೇಲ್ಪದರದಲ್ಲೇ ಉಳಿಯುವುದರಿಂದ ಪ್ರಾಸ್ಟೇಟ್ ಗುಳ್ಳೆಗುಳ್ಳೆಯಾಗಿ ಆವಿಯಾಗುತ್ತಾ ಹೋಗುತ್ತದೆ. ಸಣ್ಣ ರಕ್ತನಾಳಗಳೂ ಜೊತೆಗೇ ಮುಚ್ಚಿಕೊಳ್ಳುವುದರಿಂದ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರಿಗೆ ಇದು ದೊಡ್ಡ ಅನುಕೂಲ. ಆದರೆ ಆವಿಯಾಗಿ ಹೋದ ಮಾಂಸವನ್ನು ಬಯಾಪ್ಸಿಗೆ ಎಲ್ಲಿಂದ ತರುವುದು? ಜೊತೆಗೆ, ಮೇಲ್ಪದರ ಬೆಂದು ಬೆಳ್ಳಗಾಯಿತೆಂದರೆ ಅಲ್ಲಿ ರಕ್ತ ಕಡಿಮೆ, ಬೆಳಕು ಕುಡಿಯುವವರೇ ಇಲ್ಲ. ಕೆಲಸ ನಿಧಾನವಾಗುತ್ತದೆ. ಗ್ರಂಥಿ ತುಂಬಾ ದೊಡ್ಡದಿದ್ದರೆ ನನಗೆ ಇದು ತಾಳ್ಮೆ ಪರೀಕ್ಷೆ ಅನ್ನಿಸುತ್ತದೆ.

ಡಯೋಡ್ ಲೇಸರ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 980 ನ್ಯಾನೋಮೀಟರ್‌ನದು ರಕ್ತ ನಿಲ್ಲಿಸುವುದರಲ್ಲಿ ಗಟ್ಟಿಗ, ಆದರೆ ಕೆಳಗೆ ದಪ್ಪ ಬೆಂದ ಪದರ ಬಿಡುತ್ತದೆ. ಬದನೆಕಾಯಿ ಕಥೆಯೇ, ಸ್ವಲ್ಪ ಸಣ್ಣ ಪ್ರಮಾಣದಲ್ಲಿ.

ನನ್ನ ಕೈಗೆ ಒಗ್ಗಿದ್ದು ಹೋಲ್ಮಿಯಮ್. 2100 ನ್ಯಾನೋಮೀಟರ್ ಆಸುಪಾಸು. ಇದನ್ನು ಕುಡಿಯುವುದು ನೀರು. ಇಳಿಯುವುದು 0.4 ಮಿಲಿಮೀಟರ್. ನಾವು ಒಳಗೆ ಸಲೈನ್ ಹರಿಸುತ್ತಲೇ ಕೆಲಸ ಮಾಡುವುದರಿಂದ, ಬೆಳಕನ್ನು ಒಳಗೆ ಒಯ್ಯುವ ಗಾಜಿನ ಎಳೆಯ, ಅಂದರೆ ಫೈಬರ್‌ನ, ತುದಿಯಿಂದ ಕೆಲವೇ ಮಿಲಿಮೀಟರ್ ಆಚೆ ಬೆಳಕು ತಲುಪುವುದೇ ಇಲ್ಲ. ದಾರಿಯಲ್ಲೇ ನೀರು ಕುಡಿದುಬಿಟ್ಟಿರುತ್ತದೆ. ಇನ್ನೊಂದು ಗುಣ, ಇದು ಒಂದೇ ಸಮನೆ ಉರಿಯುವುದಿಲ್ಲ. ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತಿನ ಹೊಡೆತಗಳು. ಕಾದ ಹಂಚಿಗೆ ನೀರು ಚಿಮುಕಿಸಿದರೆ ಹನಿ ಚಟ್ ಅಂತ ಸಿಡಿಯುತ್ತದಲ್ಲ, ಹಾಗೆ ಪ್ರತಿ ಹೊಡೆತಕ್ಕೂ ಫೈಬರ್ ತುದಿಯಲ್ಲಿ ಆವಿಯ ಗುಳ್ಳೆ ಹುಟ್ಟಿ ಒಡೆಯುತ್ತದೆ. ಆ ಗುಳ್ಳೆಯೇ ಮಾಂಸದ ಪದರಗಳನ್ನು ಬಿಡಿಸುತ್ತದೆ. ಮೂತ್ರದ ಕಲ್ಲನ್ನು ಪುಡಿ ಮಾಡುವುದೂ ಇದೇ ಯಂತ್ರ. ಕಲ್ಲಿನ ಕಾಟ ಇರುವ ನಮ್ಮ ಕಡೆ, ಒಂದು ಯಂತ್ರ ಕೊಂಡು ಎರಡು ಕೆಲಸ ಅನ್ನುವ ಲೆಕ್ಕವೂ ಇದರಲ್ಲಿ ಇದೆ, ಮುಚ್ಚಿಡುವುದೇನು.

ಇದರಿಂದ ಪ್ರಾಸ್ಟೇಟ್ ತೆಗೆಯುವ ವಿಧಾನವನ್ನು 1990ರ ದಶಕದಲ್ಲಿ ರೂಪಿಸಿದ್ದು ನ್ಯೂಜಿಲೆಂಡ್‌ನ ಪೀಟರ್ ಗಿಲ್ಲಿಂಗ್ ಮತ್ತು ಜೊತೆಯವರು. ಮೋಸಂಬಿ ಸುಲಿಯುವುದನ್ನು ನೆನೆಸಿಕೊಳ್ಳಿ. ಬೆಳೆದ ಗಡ್ಡೆ ತೊಳೆ ಇದ್ದಂತೆ, ಹೊರಗಿನ ಕವಚ ಸಿಪ್ಪೆಯಂತೆ. ಎರಡರ ನಡುವೆ ಹೆಬ್ಬೆರಳು ತೂರಿಸಿ ಬಿಡಿಸಿದರೆ ತೊಳೆ ಇಡಿಯಾಗಿ ಬರುತ್ತದೆ. ಹಿಂದಿನವರು ಹೊಟ್ಟೆ ಕೊಯ್ದು ನಿಜವಾಗಿಯೂ ಬೆರಳಿನಿಂದಲೇ ಇದನ್ನು ಮಾಡುತ್ತಿದ್ದರು. ಈಗ ಮೂತ್ರದ ದಾರಿಯಲ್ಲೇ ದುರ್ಬೀನು ಹಾಕಿ ಮಾಡುತ್ತೇವೆ. ಬಿಡಿಸಿದ ಗಡ್ಡೆಯನ್ನು ಮೂತ್ರಕೋಶಕ್ಕೆ ತಳ್ಳಿ, ಅಲ್ಲಿ ಮಾರ್ಸಿಲೇಟರ್‌ನಿಂದ ಚೂರು ಮಾಡಿ ಹೀರಿ ತೆಗೆಯುತ್ತೇವೆ. ಮಾಂಸ ಕೈಗೆ ಸಿಗುತ್ತದೆ, ಬಯಾಪ್ಸಿಗೆ ಹೋಗುತ್ತದೆ. ರಕ್ತ ಜಿನುಗಿದರೆ ಫೈಬರನ್ನು ಎರಡು ಮಿಲಿಮೀಟರ್ ಹಿಂದಕ್ಕೆ ಎಳೆದು ಬೆಳಕು ಬಿಡುತ್ತೇವೆ. ಹತ್ತಿರವಿದ್ದಾಗ ಕೊಯ್ಯುವುದು ದೂರವಾದಾಗ ಬರೀ ಬೇಯಿಸುತ್ತದೆ.

ಇದನ್ನು ಬರೆದಷ್ಟು ಸಲೀಸಾಗಿ ನಾನು ಕಲಿಯಲಿಲ್ಲ. ಶುರುವಿನ ದಿನಗಳಲ್ಲಿ ಒಬ್ಬರಿಗೆ ಮಾಡುವಾಗ ಪದರ ತಪ್ಪಿದೆ. ತೊಳೆ ಬಿಟ್ಟು ಸಿಪ್ಪೆಯೊಳಗೇ ಹೋಗುತ್ತಿದ್ದೆ. ಪರದೆಯ ಮೇಲೆ ಹಳದಿ ಕೊಬ್ಬು ಕಂಡಾಗ ಎದೆ ಧಸಕ್ಕೆಂದಿತು. ಕವಚದಾಚೆಯ ಕೊಬ್ಬು ಅದು. ಲೇಸರ್ ಪೆಡಲ್‌ನಿಂದ ಕಾಲು ತೆಗೆದೆ, ಉಳಿದದ್ದನ್ನು ಹಳೆಯ ಟಿಯುಆರ್‌ಪಿ ವಿಧಾನದಲ್ಲಿ, ಕರೆಂಟಿನ ತಂತಿಯಿಂದ ಕೆರೆದು ಮುಗಿಸಿದೆ. ಹೊರಗೆ ಬಂದು ಅವರ ಹೆಂಡತಿಗೆ ಇದ್ದದ್ದು ಇದ್ದಂತೆ ಹೇಳಿದೆ. ಪೈಪ್ ಕೆಲವು ದಿನ ಜಾಸ್ತಿ ಇಡಬೇಕಾಯಿತು, ರೋಗಿ ಚೆನ್ನಾಗಿಯೇ ಆದರು. 0.4 ಮಿಲಿಮೀಟರ್ ಅಷ್ಟೇ ಇಳಿಯುತ್ತದೆ ಅಂತ ಓದಿ ಬಂದಿದ್ದ ಧೈರ್ಯ ಅವತ್ತು ಇಳಿಯಿತು. ಒಂದು ಹೊಡೆತದ ಆಳ ಅದು. ನೂರು ಹೊಡೆತ ತಪ್ಪು ದಾರಿಯಲ್ಲಿ ಹೊಡೆದರೆ?

ಥೂಲಿಯಂ ಇತ್ತೀಚಿನ ನೆಂಟ. ಥೂಲಿಯಂ ಯಾಗ್ 2013 ನ್ಯಾನೋಮೀಟರ್, ಥೂಲಿಯಂ ಫೈಬರ್ 1940. ಈ 1940 ಅನ್ನುವುದು ನೀರು ಬೆಳಕನ್ನು ಅತಿ ಹೆಚ್ಚು ಕುಡಿಯುವ ಜಾಗಗಳಲ್ಲಿ ಒಂದರ ಪಕ್ಕದಲ್ಲೇ ಇದೆ. ಹಾಗಾಗಿ ಇಳಿಯುವುದು 0.2 ಮಿಲಿಮೀಟರ್ ಅಥವಾ ಅದಕ್ಕೂ ಕಡಿಮೆ. ಥೂಲಿಯಂ ಯಾಗ್ ಸಾಮಾನ್ಯವಾಗಿ ಹೋಲ್ಮಿಯಮ್‌ನಂತೆ ಸಿಡಿಯುವುದಿಲ್ಲ, ಒಂದೇ ಸಮನೆ ಉರಿಯುತ್ತದೆ. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನುಣುಪಾಗಿ ಕೊಯ್ಯುತ್ತದೆ, ರಕ್ತವನ್ನೂ ಚೆನ್ನಾಗಿ ನಿಲ್ಲಿಸುತ್ತದೆ. ಆದರೆ ಕೈ ಒಂದೇ ಕಡೆ ನಿಂತರೆ ಮಾಂಸ ಕರಕಲಾಗಿ ಪದರ ಕಾಣದಂತಾಗುತ್ತದೆ. ಹಂಚಿನ ಮೇಲೆ ರೊಟ್ಟಿ ಹಾಕಿ ಮಾತಿಗೆ ಕೂತರೆ ಏನಾಗುತ್ತದೋ ಅದೇ. ಹೋಲ್ಮಿಯಮ್ ಒರಟು, ಆದರೆ ಗುಳ್ಳೆ ಸಿಡಿದು ಪದರ ತಾನಾಗಿ ತೆರೆದು ತೋರಿಸುತ್ತದೆ. ನನಗೆ ಆ ಒರಟೇ ಇಷ್ಟ. ನನ್ನ ಗೆಳೆಯರೊಬ್ಬರು ಥೂಲಿಯಂ ಬಿಟ್ಟು ಬೇರೇನೂ ಮುಟ್ಟುವುದಿಲ್ಲ, ಅವರ ರೋಗಿಗಳೂ ನನ್ನವರಷ್ಟೇ ಆರಾಮಾಗಿದ್ದಾರೆ.

ಲೇಸರ್ ನಿಜಕ್ಕೂ ನೆಮ್ಮದಿ ಕೊಡುವ ಇನ್ನೊಂದು ಜಾಗ ಮೂತ್ರಕೋಶದ ಗಡ್ಡೆ. ಮೂತ್ರಕೋಶದ ಪಕ್ಕದ ಗೋಡೆಯ ಹತ್ತಿರ ತೊಡೆಗೆ ಹೋಗುವ ಒಂದು ನರವಿದೆ. ಕರೆಂಟಿನ ತಂತಿಯಿಂದ ಅಲ್ಲಿ ಕೊಯ್ಯುವಾಗ ನರಕ್ಕೆ ಕರೆಂಟ್ ಮುಟ್ಟಿ ಕಾಲು ಫಟ್ಟನೆ ಒದೆಯುತ್ತದೆ. ಆ ಒದೆತಕ್ಕೆ ಮೂತ್ರಕೋಶವೇ ತೂತಾಗಬಹುದು. ಲೇಸರ್‌ನಲ್ಲಿ ಮೈಯೊಳಗೆ ಕರೆಂಟ್ ಹರಿಯುವುದಿಲ್ಲ, ಕಾಲು ಸುಮ್ಮನಿರುತ್ತದೆ. ಸಣ್ಣ ಗಡ್ಡೆಯನ್ನು ಬುಡಸಮೇತ ಒಂದೇ ತುಂಡಾಗಿ ಎತ್ತಬಹುದು, ಬೇರು ಎಷ್ಟು ಆಳಕ್ಕೆ ಹೋಗಿದೆ ಅಂತ ಪೆಥಾಲಜಿಯವರು ಸರಿಯಾಗಿ ಹೇಳಬಹುದು. ಮೂತ್ರದ ದಾರಿ ಕಿರಿದಾದವರಿಗೆ ‘ಲೇಸರ್‌ನಲ್ಲಿ ಸೀಳಿದರೆ ಮತ್ತೆ ಬರಲ್ಲ’ ಅಂತ ಹೇಳುವುದನ್ನು ಮಾತ್ರ ನಂಬಬೇಡಿ. ಯಾವುದರಿಂದ ಸೀಳಿದರೂ ಅದು ಮತ್ತೆ ಕಿರಿದಾಗಬಹುದು.

ಅಜ್ಜನ ಗ್ರಂಥಿ ದೊಡ್ಡದಿತ್ತು. ಹೋಲ್ಮಿಯಮ್‌ನಲ್ಲಿ ಸುಲಿಯೋಣ ಅಂದೆ. ಯಾವ ಲೇಸರ್ ಆದರೂ ಕೆಲವು ದಿನ ಮೂತ್ರ ಉರಿಯಬಹುದು, ಕೆಲವರಿಗೆ ಕೆಲವು ವಾರ ತಡೆಯಲಾಗದೆ ಸೋರಬಹುದು, ಮುಂದೆ ವೀರ್ಯ ಹೊರಗೆ ಬರದೆ ಮೂತ್ರಕೋಶಕ್ಕೆ ಹೋಗಬಹುದು ಅಂತಲೂ ಹೇಳಿದೆ. ಕೊನೆಯದನ್ನು ಕೇಳಿ ಮಗ ಗೋಡೆ ಕಡೆ ನೋಡಿದ. ಅಜ್ಜ ಮಾತ್ರ “ಅದರ ಚಿಂತಿ ಬಿಡ್ರಿ” ಅಂದರು.

ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರಿಂದ ಆಪರೇಷನ್ ಪೂರ್ತಿ ಎಚ್ಚರವಾಗಿದ್ದರು. ಪರದೆಯನ್ನು ಅವರ ಕಡೆ ತಿರುಗಿಸಿದ್ದೆವು. ನಡುವೆ ಕೇಳಿದರು.

“ಸಾಹೇಬ್ರ, ಆ ಹಸಿರು ಚುಕ್ಕಿ ಏನ್ರಿ? ಅದ ಲೇಸರ್ ಏನ್ರಿ?”

“ಅಲ್ರಿ ಅಜ್ಜಾರ. ಅದು ನನಗ ದಾರಿ ತೋರ್ಸೂ ದೀಪ. ಖರೇ ಲೇಸರ್ ಕಣ್ಣಿಗೆ ಕಾಣಂಗಿಲ್ಲ.”

ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಕಾಣದ್ದಕ್ಕ ಇಷ್ಟ ರೊಕ್ಕ ಏನ್ರೀ!” ಅಂದರು.