ಆರ್ಮಿ ಬಿಟ್ಮೇಲೆ ಡಿಗ್ರಿ, ಲಾ ಸ್ಕೂಲ್ ಎರಡಕ್ಕೂ ಜಿಐ ಬಿಲ್ ಬರುತ್ತಾ?

ಓದುಗರ ಪ್ರಶ್ನೆ: ಅಮೆರಿಕದ ಆರ್ಮಿಯಲ್ಲಿ ಆರು ವರ್ಷ ಇದ್ದೆ, ಈಗ ಹೊರಗೆ ಬಂದಿದೀನಿ. ಡಿಗ್ರಿ ಮುಗಿಸಿ ಲಾ ಸ್ಕೂಲ್ ಸೇರ್ಬೇಕು ಅಂತ ಆಸೆ. ಎರಡಕ್ಕೂ ಸರ್ಕಾರದ ದುಡ್ಡು ಸಾಕಾಗುತ್ತಾ?

ಉತ್ತರ: ಪೂರ್ತಿ ಸಾಕಾಗಲ್ಲ, ಆದ್ರೆ ಸರಿಯಾಗಿ ಲೆಕ್ಕ ಹಾಕಿದ್ರೆ ಲಾ ಸ್ಕೂಲಿಗೆ ಬಹುಮಟ್ಟಿಗೆ ಸಾಕಾಗುತ್ತೆ. ಸೇನೆಯಲ್ಲಿದ್ದವರ ಓದಿಗೆ ಸರ್ಕಾರ ದುಡ್ಡು ಕೊಡೋ ಪೋಸ್ಟ್-9/11 ಜಿಐ ಬಿಲ್‌ನಲ್ಲಿ ಸಿಗೋದು 36 ತಿಂಗಳು, ಇದು ಸೆಮಿಸ್ಟರ್ ನಡೆಯೋ ದಿನಗಳಿಗಷ್ಟೇ ಕಟ್ ಆಗ್ತಾ ಹೋಗುತ್ತೆ, ಸೆಮಿಸ್ಟರ್‌ಗಳ ನಡುವಿನ ರಜಕ್ಕಲ್ಲ, ಹಾಗಾಗಿ ಒಂದು ಶೈಕ್ಷಣಿಕ ವರ್ಷಕ್ಕೆ ಹೆಚ್ಚುಕಮ್ಮಿ 9 ತಿಂಗಳು. ನಾಲ್ಕು ವರ್ಷದ ಡಿಗ್ರಿ ಮಾಡಿದ್ರೆ ಅಲ್ಲಿಗೇ 36 ಖಾಲಿ. ಲಾ ಸ್ಕೂಲಿನ ಮೂರು ವರ್ಷದ ಕೋರ್ಸಾದ ಜೆಡಿಗೆ ಬೇಕಾಗೋದು 27. ಲಾ ಸ್ಕೂಲ್ ಫೀಸು ಸಾಮಾನ್ಯವಾಗಿ ಡಿಗ್ರಿ ಫೀಸಿಗಿಂತ ಎಷ್ಟೋ ಜಾಸ್ತಿ, ಮೇಲಾಗಿ ಕಮ್ಮಿ ಆದಾಯದವರಿಗೆ ಸರ್ಕಾರ ಕೊಡೋ ಪೆಲ್ ಗ್ರಾಂಟ್ ಅನ್ನೋ ಸಹಾಯಧನ ಡಿಗ್ರಿಗೆ ಸಿಗುತ್ತೆ, ಲಾ ಓದೋಕೆ ಸಿಗಲ್ಲ. ಅದಕ್ಕೇ ನಾನು ಹೇಳೋದು, ಡಿಗ್ರಿನ ಕಮ್ಮಿ ಫೀಸಿನ ಕಾಲೇಜಲ್ಲಿ ಪೆಲ್ ಇಟ್ಕೊಂಡು ಮುಗ್ಸಿ, ಜಿಐ ಬಿಲ್ ತಿಂಗಳುಗಳನ್ನ ದಯವಿಟ್ಟು ಉಳಿಸ್ಕೊಳ್ಳಿ.

ಸರ್ಕಾರಿ ಲಾ ಸ್ಕೂಲಾದ್ರೆ ಆ ರಾಜ್ಯದವರಿಗಿರೋ ಫೀಸು ಪೂರ್ತಿ ಕವರ್ ಆಗುತ್ತೆ. ಖಾಸಗಿಯಲ್ಲಿ ವರ್ಷಕ್ಕೆ ಇಷ್ಟೇ ಅಂತ ಮಿತಿ ಇದೆ, ಅದರ ಮೇಲಿನದಕ್ಕೆ ಯೆಲ್ಲೋ ರಿಬ್ಬನ್ ಸ್ಕೀಮ್ ನೋಡ್ಬೇಕು, ಸ್ಕೂಲ್ ಎಷ್ಟು ಹಾಕುತ್ತೋ ಅಷ್ಟನ್ನೇ ಸರ್ಕಾರವೂ ಹಾಕುತ್ತೆ. ಎಷ್ಟು ಜನಕ್ಕೆ, ಎಷ್ಟು ಡಾಲರ್ ಅನ್ನೋದನ್ನ ಆಯಾ ಸ್ಕೂಲೇ ತೀರ್ಮಾನಿಸೋದ್ರಿಂದ ಅಪ್ಲಿಕೇಶನ್‌ಗೆ ಮುಂಚೆನೇ ಫೋನ್ ಮಾಡಿ ಕೇಳಿ.

ನೀವು ಒಂದ್ಸಲ ಬಿಟ್ಟು ಮತ್ತೆ ಸೇರಿದ್ದವರಾ? ಹಾಗಾದ್ರೆ ಜೇಮ್ಸ್ ರುಡಿಸಿಲ್ ಅನ್ನೋ ಮಾಜಿ ಸೈನಿಕರ ಕೇಸ್ ಓದ್ಲೇಬೇಕು. ಅವರು ಹಳೇ ಮಾಂಟ್ಗೊಮೆರಿ ಜಿಐ ಬಿಲ್‌ನಲ್ಲಿ 25 ತಿಂಗಳು 14 ದಿನ ಬಳಸಿ ಡಿಗ್ರಿ ಮಾಡಿದ್ರು, ಮುಂದಕ್ಕೆ ಓದ್ತೀನಿ ಅಂದಾಗ ಈ ದುಡ್ಡು ಕೊಡೋ ಮಾಜಿ ಸೈನಿಕರ ಇಲಾಖೆ ಉಳಿದಿರೋದು 10 ತಿಂಗಳು 16 ದಿನ ಮಾತ್ರ ಅಂತು. 2024ರ ಏಪ್ರಿಲಲ್ಲಿ ಸುಪ್ರೀಂ ಕೋರ್ಟ್ 7-2ರಲ್ಲಿ ಅವರ ಪರ ತೀರ್ಪು ಕೊಡ್ತು: ಬೇರೆಬೇರೆ ಸೇವಾ ಅವಧಿಯಿಂದ ಎರಡೂ ಬಿಲ್‌ಗೆ ಅರ್ಹತೆ ಇದ್ರೆ ಒಟ್ಟು 48 ತಿಂಗಳವರೆಗೆ ಎರಡನ್ನೂ ಬಳಸ್ಬಹುದು.

ದುಡ್ಡಿನ ಮಾತಾಯ್ತು, ಓದಿನದೂ ಒಂಚೂರು ಹೇಳ್ಬಿಡ್ತೀನಿ. ಬೆಳಗ್ಗೆ ಏಳೋದು, ಗಂಟೆಗಟ್ಲೆ ಕೂತು ಓದೋದು ನಿಮಗೆ ಕಷ್ಟ ಆಗಲ್ಲ. ಕಷ್ಟ ಆಗೋದು ಕ್ಲಾಸಲ್ಲಿ. ಪ್ರೊಫೆಸರ್ ಇದ್ದಕ್ಕಿದ್ದಂಗೆ ನಿಮ್ಮ ಹೆಸರು ಕರೆದು ನಾಯಿ ಕಚ್ಚಿದ ಕೇಸಲ್ಲಿ ಮಾಲೀಕಂದು ತಪ್ಪಾ ಅಂತಾರೆ, ನೀವು ಹೌದು ಅಂತೀರಿ, ಗೇಟ್ ಹಾಕಿತ್ತು ಅಂತಿಟ್ಕೊಳ್ಳಿ, ಈಗ? ಬೀಗ ಒಡೆದವನು ಪಕ್ಕದ ಮನೆ ಹುಡುಗ, ಈಗ? ಒಂದೇ ಉತ್ತರ ಹಿಡ್ಕೊಂಡು ಮುಂದೆ ಹೋಗೋ ಅಭ್ಯಾಸ ಇದ್ದವರಿಗೆ ಎರಡೂ ಕಡೆ ವಾದ ಮಾಡೋದು ಮೊದಮೊದಲು ತಲೆ ಕೆಡಿಸುತ್ತೆ, ಅದು ನಿಮ್ಮ ದಡ್ಡತನ ಅಲ್ಲ, ಎಲ್ಲರಿಗೂ ಹಾಗೇ.

ಇನ್ನೊಂದು ವಿಷ್ಯ, ಸೇವೆಯಲ್ಲಿದ್ದಾಗ ಆರ್ಟಿಕಲ್ 15 ಶಿಕ್ಷೆ (ಕೋರ್ಟ್ ಮಾರ್ಷಲ್ ಇಲ್ದೆ ಕಮಾಂಡರೇ ಕೊಡೋದು) ಏನಾದ್ರೂ ಆಗಿದ್ರೆ ಲಾ ಸ್ಕೂಲ್ ಅಪ್ಲಿಕೇಶನ್‌ನಲ್ಲಿ ಕೇಳಿದ ಕಡೆ ಮುಚ್ಚಿಡ್ಬೇಡಿ. ಮುಂದೆ ವಕೀಲಿಕೆಗೆ ಲೈಸೆನ್ಸ್ ಕೊಡೋ ಬಾರ್‌ನವರು ನಡತೆ ಪರೀಕ್ಷೆ ಮಾಡುವಾಗ ಸೇವಾ ದಾಖಲೆ ತರಿಸ್ಕೊಂಡು ಆಗ ಬರೆದಿದ್ದಕ್ಕೆ ತಾಳೆ ನೋಡ್ಬಹುದು.