ಚೂಪು ಮೊಟ್ಟೆ, ದುಂಡು ಮೊಟ್ಟೆ ಮತ್ತು ನಮ್ಮತ್ತೆಯ ಸೂಜಿ

ಗಂಗಾವತಿ ಹತ್ತಿರದ ಹಳ್ಳಿಯಲ್ಲಿರುವ ನಮ್ಮತ್ತೆ ಕೋಳಿಯನ್ನು ಕಾವಿಗೆ ಕೂಡಿಸುವ ಮುಂಚೆ ಮೊಟ್ಟೆ ಆರಿಸುತ್ತಾರೆ. ಚೂಪಾಗಿದ್ದರೆ ಹುಂಜ, ದುಂಡಗಿದ್ದರೆ ಹ್ಯಾಟೆ. ಅನುಮಾನ ಬಂದರೆ ದಾರಕ್ಕೆ ಸೂಜಿ ಕಟ್ಟಿ ಮೊಟ್ಟೆಯ ಮೇಲೆ ತೂಗಾಡಿಸುವುದೂ ಉಂಟು. ಹೋದ ಸಲ 11 ದುಂಡು ಮೊಟ್ಟೆ ಇಟ್ಟರು. 21 ದಿನಕ್ಕೆ 9 ಮರಿ ಬಂದವು, ಅದರಲ್ಲಿ 5 ಹುಂಜ. ‘ನಾಲ್ಕು ಸರಿ ಬಂತಲ್ಲ’ ಅಂತಾರೆ! ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

ಇದು ಬರೀ ನಮ್ಮೂರ ನಂಬಿಕೆ ಅಲ್ಲ. ಚೂಪು ಮೊಟ್ಟೆಯಿಂದ ಹ್ಯಾಟೆ ಬರುತ್ತದೆ ಎಂದು ಗ್ರೀಸಿನ ಅರಿಸ್ಟಾಟಲ್ ಬರೆದ. ರೋಮಿನ ಕೃಷಿ ಬರಹಗಾರ ಕೊಲುಮೆಲ್ಲಾ ಅದನ್ನು ಉಲ್ಟಾ ಮಾಡಿ, ಚೂಪು ಅಂದರೆ ಹುಂಜ ಅಂದ. ಇಬ್ಬರಿಗೂ ಅರ್ಧರ್ಧ ಸರಿ ಬಂದಿರಬೇಕು, ಅದಕ್ಕೇ ಇಬ್ಬರೂ ನಂಬಿಕೊಂಡು ಕೂತರು.

ನನಗೆ ನಿಜಕ್ಕೂ ಖುಷಿ ಕೊಡುವುದು ಮೊಟ್ಟೆ ತಯಾರಾಗುವ ಕ್ರಮ. ಹುಂಜಕ್ಕೆ ಎರಡು ‘ಝಡ್’ ವರ್ಣತಂತು (ತಂದೆ-ತಾಯಿಯ ಗುಣ ಹೊತ್ತು ತರುವ ಕ್ರೋಮೋಸೋಮ್). ಹ್ಯಾಟೆಗೆ ಒಂದು ‘ಝಡ್’, ಒಂದು ‘ಡಬ್ಲ್ಯೂ’. ಅಂದರೆ ಮರಿ ಗಂಡೋ ಹೆಣ್ಣೋ ಅನ್ನುವುದು ತಾಯಿ ಯಾವುದನ್ನು ಕೊಟ್ಟಳು ಅನ್ನುವುದರ ಮೇಲಿದೆ. (ಹೆಣ್ಣು ಹೆತ್ತಳು ಅಂತ ಸೊಸೆಯನ್ನು ಬೈಯುವವರು ಗಮನಿಸಿ, ಆ ಲೆಕ್ಕ ಕೋಳಿಗೆ ಮಾತ್ರ ಸರಿ. ಮನುಷ್ಯರಲ್ಲಿ ಅದು ಅಪ್ಪನ ಕಡೆಯಿಂದ ಬರುತ್ತದೆ.) ಈ ತೀರ್ಮಾನ ಆಗುವುದು ಮೊಟ್ಟೆಯ ಹಳದಿ ಭಾಗ ಅಂಡಾಶಯದಿಂದ ಕಳಚುವುದಕ್ಕೆ ಸ್ವಲ್ಪ ಹೊತ್ತು ಮುಂಚೆ. ಹುಂಜದ ವೀರ್ಯಾಣು ಬಂದು ಸೇರುವುದೇ ಆಮೇಲೆ. ಅದಾದ ಮೇಲೆ ಸುಮಾರು ಮೂರು ಗಂಟೆ ಬಿಳಿ ಲೋಳೆ ಸುತ್ತಿಕೊಳ್ಳುತ್ತದೆ, ನಂತರ ತೆಳು ಪೊರೆ, ಕೊನೆಗೆ ಇಪ್ಪತ್ತು ಗಂಟೆಯ ಆಸುಪಾಸು ಚಿಪ್ಪು. ಮೊಟ್ಟೆಗೆ ಆಕಾರ ಬರುವುದೇ ಈ ಪೊರೆ-ಚಿಪ್ಪಿನ ಹಂತದಲ್ಲಿ. ಅಷ್ಟೊತ್ತಿಗೆ ಒಳಗಿನ ವಿಷಯ ಯಾವತ್ತೋ ಮುಗಿದಿರುತ್ತದೆ. ಚೀಲದ ಆಕಾರ ನೋಡಿ ಒಳಗಿರುವುದು ಬಿಳಿ ಜೋಳವೋ ಕೆಂಪು ಜೋಳವೋ ಅಂತ ಹೇಳಿದ ಹಾಗೆ. ಇಲ್ಲಾ, ಚಪ್ಪರ ನೋಡಿ ಮದುಮಗ ಎಷ್ಟು ಓದಿದ್ದಾನೆ ಅಂತ ಊಹಿಸಿದ ಹಾಗೆ ಅಂತಲೂ ಅನ್ನಬಹುದು.

ಬೇಸಿಗೆಯಲ್ಲಿ ಕಾವಿಗಿಟ್ಟರೆ ಹುಂಜ ಜಾಸ್ತಿ ಅನ್ನುವವರೂ ಇದ್ದಾರೆ. ರಾಯಚೂರು, ಬಳ್ಳಾರಿ ಬಿಸಿಲಿನಲ್ಲಿ ಇದು ನಿಜ ಅನ್ನಿಸಬಹುದು. ಆದರೆ ಆ ಆಟ ಮೊಸಳೆಯದು. ಕೃಷ್ಣೆ, ತುಂಗಭದ್ರೆಯ ಮೊಸಳೆ ಮರಳಿನಲ್ಲಿ ಮೊಟ್ಟೆ ಇಡುತ್ತದಲ್ಲ, ಆ ಗೂಡಿನ ಶಾಖ 31 ಡಿಗ್ರಿ ಒಳಗಿದ್ದರೆ ಹೆಣ್ಣು, 32.5ರ ಹತ್ತಿರ ಗಂಡು. ಕೋಳಿಗೆ ಅದೆಲ್ಲ ಇಲ್ಲ.

ಹಾಗಾದರೆ ಹ್ಯಾಚರಿಯವರು ಒಂದು ದಿನದ ಮರಿಯಲ್ಲೇ ಹೇಗೆ ಹೇಳುತ್ತಾರೆ? ಒಂದು ದಾರಿ, ಗುದದ್ವಾರ ತೆರೆದು ಒಳಗಿನ ಸಣ್ಣ ಗುಬುಟು ನೋಡುವುದು. 1920ರ ದಶಕದಲ್ಲಿ ಜಪಾನಿನ ಮಸುಯಿ, ಹಶಿಮೊಟೊ ಇದನ್ನು ತೋರಿಸಿಕೊಟ್ಟರು. ಕಲಿಯದವರು ಕೈ ಹಾಕಿದರೆ ಮರಿಯ ಜೀವಕ್ಕೇ ಅಪಾಯ, ದಯವಿಟ್ಟು ಮಾಡಬೇಡಿ. ಇನ್ನೊಂದು, ರೆಕ್ಕೆ ನೋಡುವುದು. ನಿಧಾನ ಗರಿಯ ತಾಯಿಗೆ ಬೇಗ ಗರಿ ಬರುವ ಹುಂಜ ಕೂಡಿಸಿದರೆ, ನಿಧಾನ ಗರಿಯ ಗುಣ ಹೊತ್ತ ತಾಯಿಯ ‘ಝಡ್’ ಮಗನಿಗೆ ಮಾತ್ರ ಹೋಗುವುದರಿಂದ ಗಂಡು ಮರಿಗಳಿಗೆ ಗರಿ ತಡ. ಹೆಣ್ಣಿಗೆ ಒಂದೇ ದಿನದಲ್ಲಿ ಉದ್ದ ಗರಿ. ಆದರೆ ಜೋಡಿ ಹೀಗೇ ಆರಿಸಿರಬೇಕು. ನಮ್ಮ ಜವಾರಿ ಕೋಳಿಯ ತಾಯಿ-ತಂದೆ ಕಥೆ ಯಾರಿಗೆ ಗೊತ್ತು? ಅಲ್ಲಿ ಈ ಉಪಾಯ ನಡೆಯಲ್ಲ.

ಅಂದ ಹಾಗೆ, ಸಂತೆಯಲ್ಲಿ ಗುಲಾಬಿ, ಹಸಿರು ಬಳಿದ ಮರಿ ಮಾರುತ್ತಾರಲ್ಲ, ಅವು ಸಾಮಾನ್ಯವಾಗಿ ಮೊಟ್ಟೆ ಕೋಳಿಯ ಹ್ಯಾಚರಿಗೆ ಬೇಡವಾದ ಗಂಡು ಮರಿಗಳು. ಮೊಟ್ಟೆ ಕೊಡುತ್ತೆ ಅಂತ ಮಕ್ಕಳಿಗೆ ಆಸೆ ತೋರಿಸಬೇಡಿ.

ಹಿತ್ತಲಲ್ಲಿ ಸಾಕುವವರಿಗೆ ಉಳಿದ ದಾರಿ ಕಾಯುವುದೇ. ಐದಾರು ವಾರಕ್ಕೆ ಹುಂಜದ ಜುಟ್ಟು ದೊಡ್ಡದಾಗಿ ಕೆಂಪೇರುತ್ತದೆ, ಕಾಲು ದಪ್ಪವಾಗುತ್ತದೆ. ಮೂರು ತಿಂಗಳ ಹೊತ್ತಿಗೆ ಕತ್ತಿನ ಮೇಲೆ, ಬಾಲದ ಬುಡದಲ್ಲಿ ಚೂಪು ಗರಿ. ಅತ್ತೆಯ ಈ ಸಲದ ಮರಿಗಳಿಗೆ ಈಗ ನಾಲ್ಕೇ ವಾರ. ಒಂದರ ಜುಟ್ಟು ಆಗಲೇ ಕೆಂಪಗಾಗುತ್ತಿದೆ. ಸೂಜಿ ಅದನ್ನು ಹ್ಯಾಟೆ ಅಂದಿತ್ತಂತೆ. ಅತ್ತೆ ಮಾತ್ರ ಸದ್ದಿಲ್ಲದೆ ಅದನ್ನು ಜಾತ್ರೆಯ ಊಟಕ್ಕೆ ಲೆಕ್ಕ ಹಾಕಿಟ್ಟಿದ್ದಾರೆ.